ಬೆಟ್ಟದ ಏರಿನಲ್ಲಿ ತುಂಡಾದ ಟೈಮಿಂಗ್ ಬೆಲ್ಟಿಗೆ

ಮಾನ್ಯ ಟೈಮಿಂಗ್ ಬೆಲ್ಟ್ ಅವರೇ,

ನಮ್ಮ ದ್ವೀಪದ ಸವುಸವು ಊರಿನಿಂದ ಮನೆಯವರೆಲ್ಲರ ನಮಸ್ಕಾರಗಳು. ಉಂಗುರದ ಹಾಗೆ ದುಂಡಗಿದ್ದ ತಾವು ಈಗ ಉದ್ದನೆಯ ಪಟ್ಟಿಯಾಗಿರುವುದರಿಂದ, ಯಾವ ತುದಿಗೆ ಮೊದಲು ಕೈ ಮುಗಿಯಬೇಕೆಂದು ತಿಳಿಯದೆ ಎರಡೂ ತುದಿಗಳಿಗೆ ಮುಗಿದಿದ್ದೇನೆ.

ನನಗಿಂತ ವಯಸ್ಸಾದ ನಮ್ಮ ಕಾರಿನ ಎಂಜಿನ್ನಿನಲ್ಲಿ, ಮೇಲಿನ ವಾಲ್ವ್‌ಗಳಿಗೂ ಕೆಳಗಿನ ಪಿಸ್ಟನ್‌ಗಳಿಗೂ ತಲೆ ತಲೆ ಬಡಿಯದಂತೆ ಇಷ್ಟು ವರ್ಷ ತಾವೊಬ್ಬರೇ ಹೊತ್ತು ಕಾಯ್ದಿರಿ. ನಾವು ಒಮ್ಮೆಯೂ ಮುಚ್ಚಳ ಬಿಚ್ಚಿ ತಮ್ಮ ಆರೋಗ್ಯ ವಿಚಾರಿಸಲಿಲ್ಲ. ತಾವೂ ದೂರಲಿಲ್ಲ. ಇಂಥ ಸೌಜನ್ಯ ನಮ್ಮ ನೆಂಟರಲ್ಲಿಲ್ಲ.

ತಪ್ಪು ನನ್ನದೂ ಇದೆ. ಕಾರಿನ ಕಿಲೋಮೀಟರ್ ಮುಳ್ಳು ಎಂದೋ ಸತ್ತಿದ್ದರಿಂದ, ತಮ್ಮನ್ನು ಬದಲಿಸುವ ದಿನ ತಿಳಿಯಲೆಂದು ನಾನು ಹೋಗಿಬಂದ ದೂರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗೀಚಿಡುತ್ತಿದ್ದೆ: ಭಾನುವಾರದ ಚರ್ಚು, ಶನಿವಾರದ ಮಾರುಕಟ್ಟೆ, ಅಷ್ಟೆ. ಆದರೆ ಬಾಗಿಲಲ್ಲಿ ಕೂತು "ಕೆರೆಕೆರೆ", ಅಂದರೆ "ದಯವಿಟ್ಟು ಕೊಡಪ್ಪಾ", ಎಂದು ಕಾರು ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ಟಿದ್ದನ್ನು ಬರೆದಿಡುವುದಂತೂ ಅದಕ್ಕಿಂತ ನಾಚಿಕೆಗೇಡು. ಹೀಗಾಗಿ ಅಪಕುಕಿ ಮಾವ ಹಂದಿ ಸಾಗಿಸಿದ್ದು, ಪಾದ್ರಿಗಳು ಮೂರು ಊರು ಸುತ್ತಿದ್ದು, ರಗ್ಬಿ ತಂಡದ ಒಂಬತ್ತು ಮಂದಿ ಒಟ್ಟಿಗೇ ಏರಿದ್ದು ಯಾವುದೂ ಕ್ಯಾಲೆಂಡರಿನಲ್ಲಿ ಇರಲಿಲ್ಲ. ತಮ್ಮ ಒಳಮೈಯ ಸವೆದ ರಬ್ಬರ್ ಹಲ್ಲುಗಳ ಮೇಲೆ ಮಾತ್ರ ಅದೆಲ್ಲ ಇತ್ತು.

ಇನ್ನು ದೂರಿಗೆ ಬರುತ್ತೇನೆ. ಕಣ್ಣಿನ ಡಾಕ್ಟರುಗಳು ಸಮುದ್ರ ದಾಟಿ, ಬೆಟ್ಟದಾಚೆಯ ಲಂಬಾಸಾದ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಬರುತ್ತಾರೆ. ತಾವು ತುಂಡಾದ ಶುಕ್ರವಾರ ಅವರ ಕೊನೆಯ ದಿನ. ಪೊರೆ ಬಂದು ಎರಡು ಕಣ್ಣೂ ಬೆಳ್ಳಗಾಗಿದ್ದ ನನ್ನ ಅಜ್ಜಿ, ನಮ್ಮ ಬೂಬು, ಮಧ್ಯಾಹ್ನ ಎರಡರೊಳಗೆ ಅಲ್ಲಿರಬೇಕಿತ್ತು. ತಪ್ಪಿದರೆ ಇನ್ನೊಂದು ವರ್ಷ ಕತ್ತಲೆ. ವರ್ಷದಲ್ಲಿ ಇಷ್ಟೊಂದು ದಿನಗಳಿರುವಾಗ ತಾವು ಆ ದಿನವನ್ನೇ, ದಾರಿಯಲ್ಲಿ ಇಷ್ಟೊಂದು ಸಪಾಟು ಜಾಗವಿರುವಾಗ ಆ ಏರನ್ನೇ ಆರಿಸಿಕೊಂಡಿರಿ. ಒಂದು ಸಣ್ಣ ಟಪ್ ಸದ್ದು, ಆಮೇಲೆ ಬರೀ ಗಾಳಿ.

"ಬಂದ್ವಾ?" ಎಂದಳು ಬೂಬು.

"ಇಲ್ಲ ಬೂಬು, ನಿಂತ್ವಿ."

"ನಿಂತಿದ್ದು ನನಗೂ ಕಾಣುತ್ತೆ ಬಿಡು."

ಬೇರೆಯವರ ಹತ್ತಿರ ಏನನ್ನೂ ಕೇಳಿ ಅಭ್ಯಾಸವಿಲ್ಲದ ನಾನು ರಸ್ತೆ ಬದಿಯಲ್ಲಿ ನಿಂತು, ಬರುವ ಗಾಡಿಗಳಿಗೆ ಎದೆಯ ಎತ್ತರಕ್ಕೆ ಕೈ ಎತ್ತಿದೆ. ನಮ್ಮ ದ್ವೀಪದಲ್ಲಿ ಕೈ ಎತ್ತಿದವನಿಗೆ ಕೈ ಎತ್ತದೆ ಹೋಗುವಷ್ಟು ಒರಟರು ಯಾರಿದ್ದಾರೆ? ಮೊದಲ ಕಾರಿನವರು ನಗುತ್ತಾ ಕೈಬೀಸಿ "ಬುಲಾ!" ಎಂದು ನಮಸ್ಕಾರ ಹೇಳಿ ಹೋದರು. ಎರಡನೆಯವರೂ ಹೋದರು. ಮೂರನೆಯ ವ್ಯಾನಿನಲ್ಲಿದ್ದ ಮಕ್ಕಳೆಲ್ಲ ಕಿಟಕಿಗೆ ಬಂದು ತಿರುವಿನವರೆಗೂ ಕೈಬೀಸಿದರು. ಹನ್ನೆರಡೂವರೆಯಾಗಿತ್ತು.

"ಎಲ್ಲರ ಕ್ಷೇಮ ವಿಚಾರಿಸಿದ್ದು ಮುಗೀತಾ?" ಎಂದಳು ಬೂಬು ಒಳಗಿನಿಂದ. "ಮುಗಿದಿದ್ರೆ ಈಗ ಬಾಯಿ ಬಿಟ್ಟು ಕೇಳೋ. ಊರೆಲ್ಲ ನಿನ್ನ ಹತ್ರ ಕೇಳಿದೆ, ನೀನು ಒಂದು ಸಲ ಕೇಳಿದ್ರೆ ಸವೆದು ಹೋಗ್ತೀಯಾ?"

ಮರದ ದಿಮ್ಮಿ ಹೊತ್ತ ಲಾರಿ ಏರು ಹತ್ತುತ್ತಿತ್ತು. ನಾನು ನಡುರಸ್ತೆಗೆ ಹೋಗಿ ನಿಂತು ಕೂಗಿದೆ: "ಅಣ್ಣಾ, ಕೆರೆಕೆರೆ! ನಮ್ಮ ಬೂಬುಗೆ ಕಣ್ಣು ಬೇಕು!"

ಡ್ರೈವರ್ ಇಳಿದು ಬಂದ. "ಇಷ್ಟೇನಾ? ಮುಖ ನೋಡಿ ನನ್ನ ಲಾರೀನೇ ಕೇಳ್ತೀಯೇನೋ ಅಂದ್ಕೊಂಡೆ. ಹತ್ತಿಸೋ ಅಜ್ಜೀನ."

ಎರಡಕ್ಕೆ ಹತ್ತು ನಿಮಿಷವಿದ್ದಾಗ ತಲುಪಿದೆವು. ಅಂದೇ ಆಪರೇಷನ್ ಆಯಿತು; ಮಾರನೆಯ ದಿನ ಒಂದು ಕಣ್ಣಿನ ಪಟ್ಟಿ ಬಿಚ್ಚಿದಾಗ ಬೂಬು ನನ್ನನ್ನು ಬಹಳ ಹೊತ್ತು ನೋಡಿದಳು. "ಅಯ್ಯೋ, ದನಿ ಕೇಳಿ ಇನ್ನೂ ಹುಡುಗ ಅಂದ್ಕೊಂಡಿದ್ದೆ. ಮೀಸೆ ಬಂದಿದೆಯಲ್ಲೋ ನಿನಗೆ!"

ಗ್ಯಾರೇಜಿನ ಮಹಾಬೀರಣ್ಣ ತಮ್ಮನ್ನು ಹೊರತೆಗೆದು ಬೆಳಕಿಗೆ ಹಿಡಿದು ನೋಡಿದರು. "ಇದು ನಿನ್ನೆ ಹೋಗಿದ್ದಲ್ಲ ತಮ್ಮಾ. ಯಾವಾಗಲೋ ಹೋಗಿತ್ತು, ಇಷ್ಟು ದಿನ ಬರೀ ಮುಲಾಜಿಗೆ ಓಡಿದೆ" ಎಂದರು. ಹದಿನಾರು ವಾಲ್ವ್‌ಗಳಲ್ಲಿ ಆರು, ಪಿಸ್ಟನ್‌ಗಳಿಗೆ ಬಗ್ಗಿ ನಮಸ್ಕರಿಸಿದವು; ಮತ್ತೆ ನೆಟ್ಟಗಾಗಲೇ ಇಲ್ಲ.

ಆದ್ದರಿಂದ ಕೆಲವು ವಿನಂತಿಗಳು. ತಮ್ಮ ಕುಲದವರು ತುಂಡಾಗುವುದಕ್ಕೆ ಒಂದು ವಾರ ಮೊದಲೇ, ಸಾಧ್ಯವಾದರೆ ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೆದುರು ಒಮ್ಮೆ ಕೆಮ್ಮಬೇಕು. ತುಂಡಾಗುವುದೇ ಆದರೆ ಸಪಾಟು ರಸ್ತೆಯಲ್ಲಿ, ಮಾವಿನ ಮರದ ನೆರಳಿನಲ್ಲಿ, ಅಪಕುಕಿ ಮಾವ ಓಡಿಸುತ್ತಿರುವಾಗ ತುಂಡಾಗಬೇಕು. ಹಂದಿಗಳು ಆಗ ಕಾರಿನಲ್ಲಿದ್ದರೆ ಇನ್ನೂ ಸಂತೋಷ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಇಲೈಸಾ

ಮರೆತ ಮಾತು: ಹೊಸ ಬೆಲ್ಟ್ ಹಾಕಿಸಿದ ಮೂರನೆಯ ದಿನವೇ ಅಪಕುಕಿ ಮಾವ ಬಾಗಿಲಲ್ಲಿ ಬಂದು ಕೂತರು. ಕಾರು ಕೊಟ್ಟೆ, ಕೊಡದಿರಲು ಬರುವುದಿಲ್ಲ. ಆದರೆ ತಮ್ಮನ್ನು ಡ್ರೈವರ್ ಎದುರಿನ ಕನ್ನಡಿಗೆ ತೂಗುಹಾಕಿದ್ದೇನೆ. "ಇದೇನೋ ಇದು, ಹಲ್ಲಿಲ್ಲದ ಪಟ್ಟಿ?" ಎಂದರು ಮಾವ. "ಏನಿಲ್ಲ ಮಾವ, ನೀವು ಓಡಾಡಿದ್ದು. ನಾನು ಬರೆದಿಡಲಿಲ್ಲ ನೋಡಿ, ಅದೇ ಬರ್ಕೊಂಡಿತ್ತು" ಎಂದೆ. ಆ ದಿನ ಹಂದಿಗಳು ನಡೆದುಕೊಂಡು ಹೋದವು.