ಹಿಡಿಕೆ ಬದಲಿಸಬಹುದು, ನಳಿಗೆ ಮುಟ್ಟಬಾರದು

ನನ್ನ ಅಂಗಡಿಗೆ ಬರುವವರು ಬಂದೂಕು ಹಿಡಿದುಕೊಂಡೇ ಬರುತ್ತಾರೆ. ಆದರೆ ಇಷ್ಟು ವರ್ಷಗಳಲ್ಲಿ ನಾನು ಹೆದರಿದ್ದು ಅವರ ತಲೆಯೊಳಗಿನ ಐಡಿಯಾಗಳಿಗೆ ಮಾತ್ರ. ಅವು ಕಡಿಮೆಯಾಗುವ ಲಕ್ಷಣವೂ ಕಾಣುತ್ತಿಲ್ಲ.

ಸವಣೂರಿನಲ್ಲಿ ನನ್ನದು ಬಂದೂಕು ರಿಪೇರಿ ಅಂಗಡಿ, ಅಜ್ಜನ ಕಾಲದ್ದು. ಗೋಡೆಯ ಮೇಲೆ ಗಾಜು ಹಾಕಿಸಿದ ಸರಕಾರದ ಲೈಸೆನ್ಸ್ ತೂಗುತ್ತಿದೆ. ಅದಿದ್ದರೆ ಅಂಗಡಿ, ಅಂಗಡಿಯಿದ್ದರೆ ಮನೆಯಲ್ಲಿ ಒಲೆ. ಕಾಯ್ದೆ ನನಗೆ ತಿಳಿದ ಮಟ್ಟಿಗೆ ಸರಳ: ಮುರಿದ ಹಿಡಿಕೆ ಬದಲಿಸಬಹುದು, ಸ್ಪ್ರಿಂಗ್ ಹಾಕಬಹುದು, ಎಣ್ಣೆ ಬಿಡಬಹುದು. ನಳಿಗೆ ಕತ್ತರಿಸುವುದು, ಪಿಸ್ತೂಲಿಗೆ ಭುಜಕ್ಕೋ ಮುಂಗೈಗೋ ಆನಿಸುವ ಆಸರೆ ಜೋಡಿಸುವುದು, ಇಂಥ ಅವತಾರ ಬದಲಿಸುವ ಕೆಲಸವನ್ನು ಮೇಲಿನವರ ಪರವಾನಗಿ ಇಲ್ಲದೆ ಮಾಡಿದರೆ ಗಿರಾಕಿಯ ಜೊತೆ ನಾನೂ ಒಳಗೆ. ಬಂದವರಿಗೆಲ್ಲ ಈ ಪಾಠ ಒಪ್ಪಿಸುತ್ತೇನೆ. ಅವರು ತಲೆಯಾಡಿಸಿ ಕೇಳಿ, "ಅದೆಲ್ಲ ಖರೆ ಮಿಸ್ತ್ರಿ, ನಂದೊಂದು ಮಾಡಿಕೊಡ್ರಿ" ಅನ್ನುತ್ತಾರೆ.

ಒಂದು ಗೇಣಿನ ಮಾತು

ಹಿರೇಕೆರೂರು ಕಡೆಯ ರೈತರೊಬ್ಬರು ಕಾಡುಹಂದಿ ಬೆದರಿಸುವ ಒಂಟಿ ನಳಿಗೆಯ ಬಂದೂಕು ತಂದರು. ಬೈಕಿಗೆ ಅಡ್ಡ ಕಟ್ಟಿದರೆ ಎದುರು ಬರುವವರ ಮೊಣಕಾಲಿಗೆ ಬಡಿಯುತ್ತದಂತೆ, ಉದ್ದ ಕಟ್ಟಿದರೆ ತಮ್ಮದೇ ಬೆನ್ನಿಗೆ ಚುಚ್ಚುತ್ತದಂತೆ.

"ಒಂದು ಗೇಣು ಕಡಿದುಬಿಡ್ರಿ."

"ನಳಿಗಿ ಕಡಿದ್ರ ಜೈಲ್ರಿ."

"ಬಂದೂಕು ನಂದ ಅಲ್ಲೇನ್ರಿ?"

"ಬಂದೂಕು ನಿಮ್ದರಿ. ಉದ್ದ ಸರಕಾರದ್ದು."

ಅವರು ಕಾನೂನಿಗೆ ಹೆದರುವ ಮನುಷ್ಯ. ಕುಂತು ಯೋಚಿಸಿ, "ಹಂಗಾರ ಬಂದೂಕು ಮುಟ್ಟೂದು ಬ್ಯಾಡ್ರಿ" ಎಂದು ಎದ್ದರು. ನೇರ ವೆಲ್ಡಿಂಗ್ ಅಂಗಡಿಗೆ ಹೋಗಿ ಬೈಕನ್ನೇ ಒಂದು ಗೇಣು ಉದ್ದ ಮಾಡಿಸಿದರು.

ಕೆಲವು ದಿನ ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕೈಯಲ್ಲಿ ಬಂದೂಕಿತ್ತು, ಬೈಕ್ ಇರಲಿಲ್ಲ. ವಾಹನದ ಆಕಾರ ಬದಲಿಸಿದ್ದಕ್ಕೆ ಪೊಲೀಸರು ಅದನ್ನು ಎಳೆದುಕೊಂಡು ಹೋಗಿದ್ದರು.

"ಬಂದೂಕು ನೋಡಲಿಲ್ಲೇನ್ರಿ ಅವ್ರು?" ಎಂದೆ.

"ನೋಡಿದ್ರಲ್ಲ. ಇದು ಕಾಯ್ದೆ ಪ್ರಕಾರ ಬರೋಬ್ಬರಿ ಐತಿ, ಇದನ್ನ ಹಿಡಕೊಂಡು ನಡಕೋತ ಹೋಗ್ರಿ ಅಂದ್ರು."

ಬೆಳ್ಳಿಯ ನವಿಲು

ಶಿಗ್ಗಾಂವಿಯ ಅರಿವೆ ವ್ಯಾಪಾರಿಯೊಬ್ಬರಿಗೆ ಮಗನ ಮದುವೆಯ ಹೊತ್ತಿಗೆ ಪಿಸ್ತೂಲಿನ ಹಿಡಿಕೆಗೆ ಬೆಳ್ಳಿ ಹೊದಿಸುವ ಆಸೆಯಾಯಿತು. ಮೇಲೊಂದು ನವಿಲು ಬೇರೆ, ಬಂಕಾಪುರದ ಕೋಟೆಯಲ್ಲಿ ಓಡಾಡುವಂಥದ್ದು, ಗರಿ ಬಿಚ್ಚಿದ್ದು. ಹಿಡಿಕೆಯ ಶೃಂಗಾರಕ್ಕೆ ನನ್ನ ತಕರಾರಿಲ್ಲ, ಕೂರಿಸಿಕೊಟ್ಟೆ. ಬೆಳ್ಳಿ ಎಲ್ಲಿಯದು ಎಂದು ನಾನು ಕೇಳಲಿಲ್ಲ. ಅದು ಅವರ ಹೆಂಡತಿಯ ಕಾಲ್ಗಡಗದ್ದು, ಹೆಂಡತಿಯನ್ನು ಅವರೂ ಕೇಳಿರಲಿಲ್ಲ.

ಮದುವೆಯಾಯಿತು, ಮೊಮ್ಮಗ ಹುಟ್ಟಿದ, ಹಿಂದೆಯೇ ಎಲೆಕ್ಷನ್ ಬಂತು. ಎಲೆಕ್ಷನ್ ಬಂದಾಗ ನಮ್ಮ ಕಡೆ ಲೈಸೆನ್ಸಿನ ಆಯುಧಗಳು ಠಾಣೆಗೆ ಹೋಗಬೇಕು. ವ್ಯಾಪಾರಿ ಪಿಸ್ತೂಲು ಹಿಡಿದು ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು. ಅಷ್ಟರಲ್ಲಿ ಅವರಿಗೆ ಗಡಗದ ಸುದ್ದಿ ಗೊತ್ತಾಗಿತ್ತು.

"ಪಿಸ್ತೂಲು ಬೇಕಾದ್ರ ಕೊಟ್ಟು ಬರ್ರಿ. ನನ್ನ ಬೆಳ್ಳಿ ಪೊಲೀಸ್ರಿಗೆ ಯಾಕ?"

ವ್ಯಾಪಾರಿ ನನ್ನ ಹತ್ತಿರ ಓಡಿಬಂದು ಹಿಡಿಕೆ ಬಿಚ್ಚಿಸಿದರು. ಹಿಡಿಕೆ ಮನೆಗೆ ಹೋಯಿತು, ಬೋಳು ಪಿಸ್ತೂಲು ಠಾಣೆಗೆ. ಫಲಿತಾಂಶ ಬಂದ ಮೇಲೆ ಅದನ್ನು ಬಿಡಿಸಿಕೊಂಡು ನನ್ನಲ್ಲಿಗೆ ತಂದರು.

"ಹಿಡಿಕಿ ತಂದ್ರೇನ್ರಿ?" ಎಂದೆ.

"ಅದು ಮೊಮ್ಮಗನ ಉಡದಾರ ಆತ್ರಿ ಮಿಸ್ತ್ರಿ. ಈಗ ನಮ್ಮ ಮನ್ಯಾಗ ಸೊಂಟಕ್ಕ ಹತ್ಯಾರ ಕಟಗೊಂಡು ತಿರುಗಾಡಾಂವ ಅಂದ್ರ ಅವನೊಬ್ಬನ."

ಗೌಡರ ಸೊಂಟ

ಹಾನಗಲ್ ಕಡೆಯ ಗೌಡರೊಬ್ಬರ ಪಿಸ್ತೂಲು ಯಾರನ್ನೂ ಹೊಡೆದದ್ದಿಲ್ಲ. ಅದಕ್ಕೆ ವರ್ಷಕ್ಕೊಂದೇ ಕೆಲಸ. ದಸರೆಯಲ್ಲಿ ಪೂಜೆ ಮಾಡಿಸಿಕೊಂಡು, ಗೌಡರ ಸೊಂಟದ ಚರ್ಮದ ಚೀಲದಲ್ಲಿ ಕುಳಿತು, ಬನ್ನಿ ಮುಡಿಯಲು ಹೊರಟ ಊರ ಮಂದಿಯ ಮುಂದೆ ಸಾಗುವುದು. ಪಿಸ್ತೂಲು ಯಾರ ಸೊಂಟದಲ್ಲೋ ಅವರೇ ಮುಂದೆ. ಗೌಡರ ತಮ್ಮ ಅಣ್ಣನ ಬೆನ್ನು ನೋಡುತ್ತ ನಡೆದು ನಡೆದು ಬೇಸತ್ತಿದ್ದ.

ಒಂದು ವರ್ಷ ದಸರೆ ಹತ್ತಿರ ಬಂದಾಗ ಗೌಡರು ನನ್ನ ಅಂಗಡಿಗೆ ಬಂದರು. ಕೈ ನಡುಗುತ್ತಿತ್ತು. ಮೊಬೈಲಿನಲ್ಲಿ ಅಮೆರಿಕದ ಒಂದು ಪಿಸ್ತೂಲು ತೋರಿಸಿದರು. ಅದರ ಹಿಂಬದಿಗೆ ಮುಂಗೈಗೆ ಬಿಗಿಯುವ ಆಸರೆ, ಪಟ್ಟಿ.

"ಇಂಥಾದ್ದೊಂದು ಹಾಕಿಕೊಡು. ಚೀಲದ ಮ್ಯಾಲ ಕೈ ಇಟಗೊಂಡು ನಡೀವಾಗ ಅದು ನಡುಗತೈತಿ ಅಂತ ತಮ್ಮಗ ಗೊತ್ತಾದ್ರ, ಲೈಸೆನ್ಸ್ ತನ್ನ ಹೆಸರಿಗೆ ಬೇಡ್ತಾನ."

ನಾನು ಗೋಡೆಯ ಲೈಸೆನ್ಸಿನತ್ತ ಕೈ ತೋರಿಸಿದೆ. "ಅಮೆರಿಕಾದಾಗ ಕಾಯ್ದೆ ಏನೈತೋ ಗೊತ್ತಿಲ್ರಿ. ಇಲ್ಲಿ ಅದನ್ನ ಹಾಕಿದ್ರ ನನ್ನ ಅಂಗಡಿ ಹೋಗತೈತಿ. ಪರವಾನಗಿ ತರ್ರಿ, ಅದರ ಜೋಡಿ ಪಿಸ್ತೂಲೂ ತರ್ರಿ."

"ಪಿಸ್ತೂಲು ಯಾಕ? ಚೀಲದ ಮ್ಯಾಲ ಅಳತಿ ತೊಗೊ."

ಪಿಸ್ತೂಲು ನೋಡದೆ ಪಿಸ್ತೂಲಿನ ಅಳತೆ ತೆಗೆಯುವ ವಿದ್ಯೆ ಅಜ್ಜ ನನಗೆ ಕಲಿಸಿರಲಿಲ್ಲ. ಕೈ ಮುಗಿದೆ. ಗೌಡರು ಸಿಟ್ಟಾಗಿ ಹೋದರು.

ದಸರೆಯ ಮರುದಿನ ಅವರ ಕಡೆಯ ಠಾಣೆಯಿಂದ ನನಗೆ ಬುಲಾವು ಬಂತು. ಬನ್ನಿಗೆ ಹೋಗುವಾಗ ತಮ್ಮ ಹಿಂದಿನಿಂದ ನೋಡಿದ್ದನಂತೆ, ಅಣ್ಣನ ಚೀಲ ಹೋದ ವರ್ಷಕ್ಕಿಂತ ಉದ್ದ ಉಬ್ಬಿದೆ. ಪಿಸ್ತೂಲಿಗೆ ಏನೋ ಜೋಡಿಸಿದ್ದಾರೆ ಎಂದು ದೂರು ಕೊಟ್ಟಿದ್ದ. ಅಣ್ಣ ಸವಣೂರಿನ ಮಿಸ್ತ್ರಿಯ ಅಂಗಡಿಗೆ ಹೋಗಿಬಂದದ್ದನ್ನೂ ಸೇರಿಸಿದ್ದ. ಬಸ್ಸು ಬಂಕಾಪುರ ದಾಟಿದರೂ ನನ್ನ ಕಣ್ಣ ಮುಂದೆ ಲೈಸೆನ್ಸ್ ಇಳಿಸಿದ ಗೋಡೆಯ ಖಾಲಿ ಮೊಳೆಯೇ ನಿಂತಿತ್ತು. ನಾನು ಬೇಡ ಎಂದದ್ದನ್ನು ಬೇರೆ ಯಾರೋ ಮಾಡಿಕೊಟ್ಟಿದ್ದರೆ, ನಾನಲ್ಲ ಎಂದು ಯಾರು ನಂಬುತ್ತಾರೆ? ನಿಜಕ್ಕೂ ಹೆದರಿದ್ದೆ.

ಠಾಣೆಯಲ್ಲಿ ಹೊಸದಾಗಿ ಬಂದ ಸಾಹೇಬರು ಕೂತಿದ್ದರು. ಪಕ್ಕದಲ್ಲಿ ತಮ್ಮ, ಎದುರಿಗೆ ಗೌಡರು, ಸೊಂಟದಲ್ಲಿ ಚೀಲ. ಉದ್ದ ಹೌದು.

"ಹೊರಗ ತಗೀರಿ" ಎಂದರು ಸಾಹೇಬರು.

"ಪೂಜಿ ಮಾಡಿದ್ದು ಐತ್ರಿ. ಹಂಗ ತಗ್ಯಾಕ ಬರೂದಿಲ್ಲ."

"ಮಿಸ್ತ್ರಿ, ನೀವ ತಗೀರಿ."

ನಾನು ಗುಂಡಿ ಬಿಚ್ಚಿ ಎಳೆದೆ. ಮೈತುಂಬ ಕುಂಕುಮ ಭಂಡಾರ ಬಳಿದುಕೊಂಡು ಹೊರಗೆ ಬಂದದ್ದು ಒಂದು ಗೋವಿನಜೋಳದ ತೆನೆ.

ನನಗಂತೂ ಆ ತೆನೆಗೆ ಮುತ್ತು ಕೊಡುವಷ್ಟು ಸಂತೋಷವಾಯಿತು. "ಸಾಹೇಬ್ರ, ಇದಕ್ಕ ಯಾವ ಮಾರ್ಪಾಡೂ ಆಗಿಲ್ರಿ" ಎಂದು ಸಾಕ್ಷಿ ಹೇಳಿಬಿಟ್ಟೆ.

"ಪಿಸ್ತೂಲು ಎಲ್ಲೈತಿ?" ಸಾಹೇಬರು ಮೇಜು ಕುಟ್ಟಿದರು.

"ನಿಮ್ಮ ಕಪಾಟಿನ್ಯಾಗ" ಎಂದರು ಗೌಡರು. "ಒಂದು ಎಲೆಕ್ಷನ್ ಮುಗಿದು ಮನಿಗೆ ತರೂದ್ರಾಗ ಇನ್ನೊಂದು ಬರಾಕತ್ತಿತ್ರಿ. ಇಟ್ಟು ತಂದು, ಇಟ್ಟು ತಂದು ಸಾಕಾತು. ಕಡೀಕ ಅಲ್ಲೇ ಬಿಟ್ಟೇನಿ."

ಪೇದೆ ಕಪಾಟು ತೆಗೆದ. ಹಳದಿ ಬಟ್ಟೆ ಸುತ್ತಿಕೊಂಡು ಗೌಡರ ಪಿಸ್ತೂಲು ಒಳಗೆ ಆರಾಮಾಗಿತ್ತು. ಯಾವ ಪಿಸ್ತೂಲಿನ ತನಿಖೆಗೆ ನಮ್ಮನ್ನು ಕರೆಸಿದ್ದರೋ ಅದು ಸಾಹೇಬರ ಬೆನ್ನ ಹಿಂದೆಯೇ ಮಲಗಿತ್ತು.

ತಮ್ಮ ಮಾತ್ರ ಬಿಡಲಿಲ್ಲ. "ಮತ್ತ ಈ ವರ್ಷ ಉದ್ದ ಹೆಂಗಾತು?"

"ಮಳಿ ಚಲೋ ಆತಲ್ಲೋ" ಎಂದರು ಗೌಡರು. "ತೆನಿ ಉದ್ದ ಬಂತು."

ಸಾಹೇಬರು ಏನೋ ಹುಡುಕುವವರಂತೆ ಮೇಜಿನ ಕೆಳಗೆ ಬಗ್ಗಿದರು, ಬಹಳ ಹೊತ್ತು ಏಳಲಿಲ್ಲ. ತಮ್ಮ ತೆನೆಯನ್ನೇ ನೋಡುತ್ತಿದ್ದ. "ಅಣ್ಣಾ, ಇಷ್ಟು ವರ್ಷ ನಾ ಹೊಟ್ಟಿಕಿಚ್ಚು ಪಟ್ಟಿದ್ದು ಗೊಂಜಾಳಕ್ಕ?"

ಗೌಡರು ತೆನೆಯನ್ನು ಚೀಲಕ್ಕೆ ತುರುಕಿ ಗುಂಡಿ ಹಾಕಲು ಹೋದರು. ಕೈ ನಡುಗಿ ಗುಂಡಿ ಸಿಗಲೊಲ್ಲದು. ತಮ್ಮ ಅದನ್ನು ನೋಡಿದ, ಆಮೇಲೆ ತಾನೇ ಬಗ್ಗಿ ಗುಂಡಿ ಹಾಕಿದ. "ಮುಂದಿನ ವರ್ಷನೂ ನೀನ ಮುಂದ ನಡಿ. ಊರಾಗ ಯಾರಿಗೂ ಹೇಳೂದು ಬ್ಯಾಡ" ಎಂದ.

ಹೊರಗೆ ಬಂದ ಮೇಲೆ ಗೌಡರು ನನ್ನ ತೋಳು ಹಿಡಿದು ಬೇವಿನ ಮರದ ಮರೆಗೆ ಕರೆದೊಯ್ದರು. ಅತ್ತ ಇತ್ತ ನೋಡಿ ದನಿ ತಗ್ಗಿಸಿದರು.

"ಮಿಸ್ತ್ರಿ, ತೆನಿಗೆ ಆಸರಿ ಹಾಕಿಕೊಟ್ರ ನಿನ್ನ ಲೈಸೆನ್ಸಿಗೇನೂ ಧಕ್ಕಿ ಇಲ್ಲಲ್ಲ?"