ರಾಜಮ್ಮನ ಸೋಲನ್ನು ಅರ್ಧಕ್ಕೇ ಬಿಟ್ಟ ಹೊಸ ಲ್ಯಾಪ್‌ಟಾಪ್ ಅವರಿಗೆ

ಮಾನ್ಯರೇ,

ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ, ಹಣೆಗೆ ಕುಂಕುಮ ಇಡಿಸಿಕೊಂಡು, ಮೈಮೇಲಿನ ಪ್ಲಾಸ್ಟಿಕ್ ಕೂಡ ಪೂರ್ತಿ ಬಿಚ್ಚಿಸಿಕೊಳ್ಳದೆ ಮದುವೆಹೆಣ್ಣಿನ ಹಾಗೆ ಕೂತಿರುವ ತಮ್ಮ ಸನ್ನಿಧಾನಕ್ಕೆ ಪುಟ್ಟತಾಯಮ್ಮ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ಮುಖದ ಬೆಳಕೇ ಹೇಳುತ್ತಿದೆ. ನಾನು ಅಷ್ಟೇನೂ ಕ್ಷೇಮವಿಲ್ಲ, ಅದಕ್ಕೇ ಈ ಕಾಗದ. ಇದನ್ನು ಸೊಸೈಟಿಯ ನೋಟಿಸ್ ಬೋರ್ಡಿಗೂ ಅಂಟಿಸುತ್ತೇನೆ. ಇಲ್ಲಿ ಕನ್ನಡ ಓದುವವರು ನಮ್ಮ ಮನೆಯವರು ಮಾತ್ರವಾದ್ದರಿಂದ ತಮ್ಮ ಮಾನಕ್ಕೇನೂ ಕುಂದು ಬರುವುದಿಲ್ಲ.

ಸಾಮಾನು ಸಾಗಿಸುವುದು ಅಂದರೆ ಏನೆಂದು ನನಗೆ ತಾವು ಹೇಳಿಕೊಡಬೇಕಾಗಿಲ್ಲ. ನನ್ನ ಮಗ ರಾಮಕೃಷ್ಣ ಬ್ಯಾಂಕಿನವನು. ಆ ಬ್ಯಾಂಕು ನಮ್ಮನ್ನು ಸೂರತ್ತಿಗೆ ಎಸೆದು, ಸೂರತ್ತಿನಿಂದ ವಡೋದರಾಕ್ಕೆ ಒದ್ದು, ಅಲ್ಲಿಂದ ಅಹಮದಾಬಾದಿಗೆ ಉರುಳಿಸಿದೆ. ಪ್ರತಿಸಲವೂ ಲಾರಿಯಿಂದ ಮೊದಲು ದೇವರ ಪಟ, ಉಪ್ಪು, ಅರಿಸಿನ ಒಳಗೆ ಹೋಗಿ, ಒಲೆಯ ಮೇಲೆ ಹಾಲುಕ್ಕಿದ ನಂತರವೇ ಮಂಚ ಬೀರುಗಳು ಹೊಸ್ತಿಲು ದಾಟಿದ್ದು. ಒಂದು ಚಮಚ ಕಳೆದಿಲ್ಲ. ತಮಗೂ ಅದೇ ಮರ್ಯಾದೆ ಮಾಡಿಸಿದೆ. ಹಳೆಯ ಲ್ಯಾಪ್‌ಟಾಪಿನಿಂದ ತಮ್ಮೊಳಗೆ ಮೊದಲು ಗಣಪತಿಯ ಫೋಟೋ ಹೋಗಬೇಕೆಂದೆ. ಮೊಮ್ಮಗಳು ನಿಶ್ಚಿತಾ "ಏನಜ್ಜಿ ನೀನು, ಟೂ ಮಚ್" ಅಂತ ನಕ್ಕರೂ ಹಾಗೇ ಮಾಡಿದಳು. ತಮ್ಮ ಮುಂದೆ ಹಾಲುಕ್ಕಿಸುತ್ತೇನೆಂದಾಗ ಮಾತ್ರ ಸೊಸೆ ಸೌಮ್ಯಾ ತಮ್ಮನ್ನು ಎದೆಗವಚಿಕೊಂಡು ರೂಮಿಗೆ ಓಡಿದಳು.

ತಮ್ಮ ರೂಪವನ್ನು ಎಷ್ಟು ಹೊಗಳಿದರೂ ಸಾಲದು. ಹಪ್ಪಳದಷ್ಟು ತೆಳ್ಳಗಿದ್ದೀರಿ. ಪೆನ್‌ಡ್ರೈವ್ ಹಾಕೋಣವೆಂದರೆ ಮೈಯಲ್ಲೆಲ್ಲೂ ಅದಕ್ಕೊಂದು ತೂತಿಲ್ಲ. ಬಾಗಿಲೇ ಇಡದೆ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆಯುವ ತಮ್ಮ ಧೈರ್ಯ ದೊಡ್ಡದು. ಹಳೆಯವರು ಹಾಗಲ್ಲ, ಮೈತುಂಬ ತೂತು, ಯಾರು ಬಂದರೂ ಜಾಗ. ಅಕ್ಷರಗಳೆಲ್ಲ ಸವೆದು, ಕತ್ತು ಸಡಿಲವಾಗಿ, ಗೋಡೆಗೆ ಒರಗಿಸಿದರೆ ಮಾತ್ರ ನೆಟ್ಟಗೆ ಕೂರುತ್ತಿದ್ದರು. ಬ್ಯಾಟರಿ ಯಾವತ್ತೋ ಸತ್ತು ಕರೆಂಟಿನ ವಯರಿನಲ್ಲೇ ಉಸಿರಾಡುತ್ತಿದ್ದರು.

ಅವರ ಹೊಟ್ಟೆಯಲ್ಲಿ ನನ್ನದೂ ಒಂದು ಆಸ್ತಿ ಇತ್ತು. ನಾವು ವಡೋದರಾದಲ್ಲಿದ್ದಾಗ ನನ್ನ ಅಕ್ಕ ರಾಜಮ್ಮ ನಾಗಮಂಗಲದಿಂದ ಬಂದು, ನನ್ನ ಅಡುಗೆಮನೆಯಲ್ಲೇ ನಿಂತು, ಬಸ್ಸಾರಿನ ಖಾರಕ್ಕೆ ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಬೇಕೇ ಹೊರತು ನನ್ನ ಹಾಗೆ ಬೆಂಕಿಯಲ್ಲಿ ಸುಡಬಾರದೆಂದು ಜಗಳ ತೆಗೆದಳು. "ಈರುಳ್ಳಿಗೆ ಸಂಸ್ಕಾರ ಮಾಡ್ತಿದೀಯೇನೇ?" ಅಂದಳು. "ನಿನ್ನ ಬಸ್ಸಾರು ಉಣ್ಣೋ ಬದಲು ಭಾವ ವಾರವಿಡೀ ಒಪ್ಪೊತ್ತು ಮಾಡ್ತಿದ್ದರಲ್ಲ, ಅದ ಮರೆತ್ಯಾ?" ಅಂದೆ ನಾನು. ಗಲಾಟೆ ಕೇಳಿ ಪಕ್ಕದ ಮನೆಯ ಹಂಸಾಬೇನ್ ಓಡಿಬಂದು, ರುಚಿ ನೋಡಿ, ಇದಕ್ಕೆ ಒಂದು ಉಂಡೆ ಬೆಲ್ಲ ಹಾಕಿದರೆ ಸರಿಹೋಗುತ್ತದೆ ಎಂದಾಗ ಅಕ್ಕತಂಗಿಯರಿಬ್ಬರೂ ಒಂದಾಗಿ ಅವರ ಮೇಲೆ ಬಿದ್ದೆವು. ಕೊನೆಗೆ ರಾಜಮ್ಮ ಮುದ್ದೆ ಮುರಿದು, ಅದ್ದಿ, ನುಂಗಿ, "ಹೂಂ ಕಣೇ ಪುಟ್ಟಿ, ನಿಂದೇ ಸರಿ. ಇನ್ನೊಂದು ಸೌಟು ಬಿಡು" ಅಂದಳು. ಹುಟ್ಟಿದಾಗಿನಿಂದ ಅವಳು ನನಗೆ ಸೋತದ್ದು ಅದೊಂದೇ ಸಲ. ನಿಶ್ಚಿತಾ ಎಲ್ಲವನ್ನೂ ಫೋನಿನಲ್ಲಿ ತುಂಡು ತುಂಡಾಗಿ ವಿಡಿಯೋ ತೆಗೆದು ಹಳೆಯವರ ಹೊಟ್ಟೆಗೆ ಹಾಕಿದ್ದಳು.

ಇಂಥ ಆಸ್ತಿಯನ್ನು ಒಳಗೆ ತೆಗೆದುಕೊಳ್ಳಲು ತಾವು ಐದು ನಿಮಿಷವೆಂದಿರಿ. ನಾನು ಕಾಫಿ ಸೋಸಿ ಬಂದೆ, ನಾಲ್ಕು ಗಂಟೆಯೆಂದಿರಿ. ಸೊಪ್ಪು ಬಿಡಿಸಿ ಬಂದೆ. ಮತ್ತೆ ಐದು ನಿಮಿಷಕ್ಕೆ ಇಳಿದಿರಿ. ಮೂಲೆಯ ಆಟೋದವನೂ ಬಾಡಿಗೆಯನ್ನು ಇಷ್ಟು ಬೇಗ ಏರಿಳಿಸುವುದಿಲ್ಲ. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಉಪ್ಪು, ಮೊಸರು, ಸೂಜಿ, ಯಾವುದನ್ನೂ ಕೈಬಿಟ್ಟು ಕೊಡುವುದಿಲ್ಲ. ಎದುರು ಫ್ಲ್ಯಾಟಿನವರು ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೂ ಬೆಳಿಗ್ಗೆ ಬಾ ಎಂದು ಕಳಿಸುವವಳು ನಾನು. ಹೀಗಿರುವಾಗ ಹಳೆಯವರು ತಮ್ಮ ಸರ್ವಸ್ವವನ್ನೂ ಆ ಹೊತ್ತಿನಲ್ಲಿ ತಮಗೆ ಧಾರೆ ಎರೆಯುತ್ತಿದ್ದರೆ ನೋಡಿಕೊಂಡು ಕೂರಲೇ? ನಿಶ್ಚಿತಾ ಗರಬಾ ಪ್ರಾಕ್ಟೀಸಿಗೆ ಕೆಳಗೆ ಹೋಗಿದ್ದಳು. ಕೊಡುವುದನ್ನು ಬೆಳಿಗ್ಗೆವರೆಗೆ ತಡೆಯೋಣವೆಂದು ವಯರ್ ಕಿತ್ತೆ. ಅದು ಕೊಡುವ ವಯರಲ್ಲ, ಹಳೆಯವರ ಉಸಿರಿನ ವಯರು.

ಅವರು ಆಮೇಲೆ ಕಣ್ಣು ಬಿಡಲಿಲ್ಲ. ಹಂಸಾಬೇನಿನ ಬೆಲ್ಲದವರೆಗಿನ ತುಂಡುಗಳು ತಮ್ಮೊಳಗೆ ಬಂದಿವೆ, ಕೊನೆಯ ತುಂಡು ಬಂದಿಲ್ಲ. ಹೀಗಾಗಿ ತಮ್ಮ ಪ್ರಕಾರ ಇವತ್ತಿಗೂ ರಾಜಮ್ಮನದೇ ಮೇಲುಗೈ. ಹೋದ ವರ್ಷ ಯುಗಾದಿ ಕಳೆದ ಮೇಲೆ ಅವಳು ತೀರಿಕೊಂಡಳು. ಇನ್ನೊಮ್ಮೆ ಬಂದು ಸೋಲು ಎಂದು ಕರೆಯುವ ಹಾಗಿಲ್ಲ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಕೇಳುವುದೇನೆಂದರೆ, ಮಗ ಹಳೆಯವರನ್ನು ಮಣಿನಗರ ಸ್ಟೇಷನ್ ಎದುರಿನ ರಿಪೇರಿಯವನ ಬಳಿ ಸೇರಿಸಿದ್ದಾನೆ, ತಾವೂ ದಯಮಾಡಿ ಅಲ್ಲಿಗೆ ನಡೆದುಹೋಗಿ, ಸೊಸೆಯಾದವಳು ಅತ್ತೆಯ ತಲೆದೆಸೆಯಲ್ಲಿ ಕೂರುವಂತೆ ಕೂತು, ಆ ತುಂಡನ್ನು ಮರ್ಯಾದೆಯಿಂದ ಕೇಳಿ ಪಡೆಯಬೇಕು. ಇನ್ನು ಮುಂದೆ ಮುಸ್ಸಂಜೆಯಾಗುತ್ತಲೇ ತಾವಾಗಿಯೇ ಕೈಚಾಚುವುದನ್ನು ನಿಲ್ಲಿಸಬೇಕು, ಹೊತ್ತು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಈಗಿನ ಯಂತ್ರಗಳು ಇಲ್ಲದವರ ಧ್ವನಿಯನ್ನೂ ಹುಟ್ಟಿಸುತ್ತವಂತೆ, "ಮಾಡಿಕೊಡ್ಲಾ ಅಜ್ಜಿ?" ಅಂದಳು ನಿಶ್ಚಿತಾ. ಅದು ಮಾತ್ರ ಬೇಡ. ರಾಜಮ್ಮ ಸುಳ್ಳುಸುಳ್ಳಾಗಿ ಸೋತರೆ ನನಗೆ ಮುದ್ದೆ ಇಳಿಯುವುದಿಲ್ಲ.

ಗಂಟೆಯ ಲೆಕ್ಕವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ
ತಮ್ಮ ವಿಶ್ವಾಸಿ,
ಪುಟ್ಟತಾಯಮ್ಮ

ತಾ.ಕ.: ನೋಟಿಸ್ ಬೋರ್ಡಿಗೆ ಅಂಟಿಸಲು ಗೋಂದು ಹುಡುಕುತ್ತಿದ್ದಾಗ ಮಣಿನಗರದವನ ಫೋನು ಬಂತು. "ಚಿಂತಾ ನಾ ಕರೋ, ಬಾ" ಎಂದ, ಚಿಂತೆ ಬೇಡ ಅಮ್ಮಾ ಅಂತ. ತಾವಂತೂ ಕೂತಲ್ಲಿಂದ ಏಳಲಿಲ್ಲ, ಅವನೇ ಹಳೆಯವರ ಹೊಟ್ಟೆ ಕೊಯ್ದು ಎಲ್ಲವನ್ನೂ ತೆಗೆದಿದ್ದ. ಮಗ ತಂದು ಕೊನೆಯ ತುಂಡನ್ನು ತಮ್ಮೊಳಗೆ ಹಾಕಿದ. ಅದು ತಿಳಿಯದೆ ನಿಶ್ಚಿತಾ ಅದನ್ನೇ ಮತ್ತೆ ಹಾಕಲು ಹೋದಾಗ, ಇದೇ ಹೆಸರಿನದು ಆಗಲೇ ಇದೆ, ಒಂದನ್ನು ತೆಗೆಯಲೋ, ಎರಡೂ ಇರಲೋ ಎಂದು ತಾವು ಕೇಳಿದಿರಿ. ತಾವು ಬಂದಾಗಿನಿಂದ ಆಡಿದ ಬುದ್ಧಿಯ ಮಾತು ಇದೊಂದೇ. ಎರಡೂ ಇರಲಿ ಎಂದೆ. ಬದುಕಿದ್ದಾಗ ಒಂದೇ ಸಲ ಸೋತವಳು ಈಗ ದಿನಾ ಎರಡು ಸಲ ಸೋಲುತ್ತಾಳೆ, ಎರಡು ಸಲವೂ ಇನ್ನೊಂದು ಸೌಟು ಬಿಡು ಅನ್ನುತ್ತಾಳೆ. ಈ ಖುಷಿಗೆ ತಮಗೂ ಒಂದು ಸೌಟು ಬಿಡುತ್ತಿದ್ದೆ. ಏನು ಮಾಡಲಿ, ತಮ್ಮ ಮೈಯಲ್ಲಿ ಅದಕ್ಕೂ ಒಂದು ತೂತಿಲ್ಲ.