ಷಡ್ಡಕನ ತಂಪು

ಭೂಗೋಳ ಮೇಷ್ಟ್ರು ಹೊಟ್ಟೆಕಿಚ್ಚಿನ ಮನುಷ್ಯ. ಇದರಲ್ಲಿ ಎರಡು ಮಾತಿಲ್ಲ. ಜೀವನವಿಡೀ ಮಕ್ಕಳಿಗೆ ಖಂಡ, ಸಾಗರ, ಮಾರುತಗಳನ್ನು ಕಲಿಸಿ ನಿವೃತ್ತರಾದವರು. ಆದರೆ ಅವರ ಸ್ವಂತ ಪ್ರಪಂಚ ಮಾತ್ರ ಪಕ್ಕದ ಗೋಡೆಯಿಂದಾಚೆಗೆ ಬೆಳೆಯಲೇ ಇಲ್ಲ. ಗೋಡೆಯಾಚೆ ಇದ್ದವನು ಷಡ್ಡಕ, ಹೆಂಡತಿಯ ತಂಗಿಯ ಗಂಡ. ಕನ್ನಡಕದ ಅಂಗಡಿ ಇಟ್ಟವನು. ಎರಡು ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ತಾರಸಿ. ಷಡ್ಡಕ ಹೊಸ ಚಪ್ಪಲಿ ಕೊಂಡರೆ ಅದು ಮೇಷ್ಟ್ರ ಕಾಲನ್ನು ಕಚ್ಚುತ್ತಿತ್ತು.

ಅಂಥ ಷಡ್ಡಕ ಆ ವರ್ಷ ಏಸಿ ಹಾಕಿಸಿದ. ಬರೀ ತಂಪಿನದಲ್ಲ, ಚಳಿಗಾಲದಲ್ಲಿ ಒಂದು ಗುಂಡಿ ಒತ್ತಿದರೆ ಬಿಸಿಗಾಳಿಯನ್ನೂ ಊದುವಂಥದ್ದು. ಅಂದಿನಿಂದ ಮೇಷ್ಟ್ರ ಹೆಂಡತಿ ಊಟ ಮುಗಿಸಿ, ಹೆಣಿಗೆಯ ಚೀಲ ಹಿಡಿದು, ಮಧ್ಯಾಹ್ನವೆಲ್ಲ ತಂಗಿಯ ಮನೆಯಲ್ಲಿ ಕಳೆಯತೊಡಗಿದರು.

ಅದುವರೆಗೆ ಮಧ್ಯಾಹ್ನಗಳು ಮೇಷ್ಟ್ರ ಪಾಲಿನವು. ಅವರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಆಕೆ ಹೆಣೆಯುತ್ತ "ಹೂಂ" ಎನ್ನುವುದು. ಆ "ಹೂಂ" ಈಗ ಗೋಡೆಯಾಚೆ ಹೋಗಿತ್ತು. ಮಾರುಕಟ್ಟೆಯ ಸುದ್ದಿಯನ್ನು ಕುರ್ಚಿಗೆ ಓದಿ ಹೇಳಿ ಏನು ಸುಖ? ನಿಜವಾದ ಉರಿ ಇದ್ದದ್ದು ಇಲ್ಲಿ. ಆದರೆ "ನೀನಿಲ್ಲದೆ ಬೇಜಾರು" ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ಹವಾಮಾನವನ್ನೇ ಬದಲಾಯಿಸುವುದು ಮೇಷ್ಟ್ರಿಗೆ ಸುಲಭವೆನಿಸಿತು.

"ನೋಡ್ತಿರು! ಈ ಮನೇನ ಉತ್ತರ ಧ್ರುವ ಮಾಡ್ತೀನಿ!" ಎಂದು ಘೋಷಿಸಿದರು.

"ಮಾಡಿ. ಅಲ್ಲೀವರೆಗೂ ತಂಗಿ ಮನೇಲಿರ್ತೀನಿ," ಎಂದರು ಆಕೆ.

ಹಳೆಯ ಕೂಲರನ್ನು ಕಿತ್ತು ಮೂಲೆಗೆ ತಳ್ಳಿ ಮೇಷ್ಟ್ರು ಷಡ್ಡಕನದೇ ಕಂಪನಿಯ, ಷಡ್ಡಕನದೇ ಮಾದರಿಯ, ಷಡ್ಡಕನದೇ ಬಣ್ಣದ ಏಸಿ ತರಿಸಿದರು. ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಅವರಿಗೆ ನಿದ್ದೆ ಬರುವಂತಿರಲಿಲ್ಲ. ಜೋಡಿಸಲು ಬಂದ ಮೆಕ್ಯಾನಿಕ್ ಕೇಳಿದ:

"ಔಟ್‌ಡೋರ್ ಡಬ್ಬ ತಾರಸಿ ಮೇಲೆ ಎಲ್ಲಿಡ್ಲಿ ಸಾರ್? ಬನ್ನಿ, ಜಾಗ ತೋರಿಸಿ."

ತಾರಸಿಗೆ ಹೋದರೆ ಷಡ್ಡಕನ ಡಬ್ಬದ ಮುಖ ನೋಡಬೇಕು! ಮೇಷ್ಟ್ರು ಕುರ್ಚಿ ಬಿಟ್ಟು ಏಳಲಿಲ್ಲ. "ನಮ್ಮ ಮನೆ ಇರೋದು ಪೂರ್ವಕ್ಕೆ. ಡಬ್ಬಾನೂ ಪೂರ್ವಕ್ಕಿಡಿ. ದಿಕ್ಕು ಗೊತ್ತಲ್ಲ?"

ಮೆಕ್ಯಾನಿಕ್ ಮೇಲೆ ಹೋಗಿ ನೋಡಿದ. ಪೂರ್ವದ ಮೂಲೆಯಲ್ಲಿ ಷಡ್ಡಕನ ಡಬ್ಬ ಆಗಲೇ ಕಾಲೂರಿತ್ತು. ಅವನು ಇವರದನ್ನು ಪಶ್ಚಿಮದ ಮೂಲೆಯಲ್ಲಿಟ್ಟು ಕೆಳಗಿಳಿದ. ಹೇಳೋಣವೆಂದರೆ ಮೇಷ್ಟ್ರು ಹೊಸ ಗಾಳಿಗೆ ಮುಖವೊಡ್ಡಿ, ಕಣ್ಣು ಮುಚ್ಚಿ, ಯೋಗಿಯಂತೆ ಕೂತಿದ್ದರು. ಎಬ್ಬಿಸುವುದು ಪಾಪವೆಂದು ಹೊರಟುಹೋದ.

ಹೆಂಡತಿ ಕೆಲವು ದಿನ ಮನೆಯಲ್ಲೇ ಕೂತು "ಹೂಂ" ಎಂದರು. ಮೇಷ್ಟ್ರು ಸಂಪಾದಕೀಯವನ್ನೂ ಬಿಡದೆ ಓದಿದರು. ಒಂದು ಮಧ್ಯಾಹ್ನ ಆಕೆ ಮತ್ತೆ ಚೀಲ ಎತ್ತಿಕೊಂಡರು.

"ಯಾಕೆ? ಇಲ್ಲಿ ತಂಪಿಲ್ವಾ?"

"ಇದೆ. ಅಲ್ಲಿ ಇನ್ನೊಂಚೂರು ಜಾಸ್ತಿ ಇದೆ."

"ಅದು ಹೇಗೆ ಸಾಧ್ಯ! ಒಂದೇ ಕಂಪನಿ, ಒಂದೇ ಮಾಡೆಲ್ಲು!"

"ನಾನೂ ತಂಗೀನೂ ಒಂದೇ ತಾಯಿ ಹೊಟ್ಟೇಲಿ ಹುಟ್ಟಿದೀವಿ. ಒಂದೇ ಥರ ಇದೀವೇನ್ರೀ?"

ಇನ್ನು ತಡೆಯುವುದು ಮನುಷ್ಯಮಾತ್ರದವರಿಂದ ಸಾಧ್ಯವಿರಲಿಲ್ಲ. ಮೇಷ್ಟ್ರು ತಾರಸಿ ಹತ್ತಿದರು. ಪೂರ್ವದ ಡಬ್ಬ ತಮ್ಮದು, ಪಶ್ಚಿಮದ್ದು ಶತ್ರುವಿನದು. ಶತ್ರುವಿಗೆ ಗಾಳಿ ನಿಲ್ಲಿಸಿದರೆ ಅರ್ಧ ಯುದ್ಧ ಗೆದ್ದಂತೆ! ಹಳೆಯ ಕೂಲರನ್ನು ತಂದು ಪಶ್ಚಿಮದ ಡಬ್ಬದ ಮುಂದೆ ನಿಲ್ಲಿಸಿದರು. ಹರಿದ ಹತ್ತಿಯ ಹಾಸಿಗೆಯನ್ನು ಹೊತ್ತು ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿರುವಾಗ ಷಡ್ಡಕ ಎದುರಾದ.

"ಏನಣ್ಣಾ ಇದು, ಈ ವಯಸ್ಸಲ್ಲಿ! ಕೊಡಿ ಇಲ್ಲಿ," ಎಂದು ತಾನೇ ಹೊತ್ತ. "ಎಲ್ಲಿಡ್ಲಿ?"

"ಅಲ್ಲೇ. ಆ ಡಬ್ಬಕ್ಕೆ ಒರಗಿಸಿಡು."

"ಗಾಳಿಗೆ ಅಡ್ಡ ಆಗಲ್ವಾ?"

"ಏನೂ ಆಗಲ್ಲ. ನಾನು ಮಾರುತಗಳ ಪಾಠ ಮಾಡಿದವನು."

"ನಿಮಗೆ ಗೊತ್ತಿರತ್ತೆ ಬಿಡಿ," ಎಂದು ಷಡ್ಡಕ ಚೆನ್ನಾಗಿ ಒತ್ತಿ ಒರಗಿಸಿದ. ತನ್ನ ಸೋಲನ್ನು ತಾನೇ ಹೊತ್ತು ತಂದನಲ್ಲ ಪೆದ್ದ ಎಂದು ಮೇಷ್ಟ್ರು ಒಳಗೊಳಗೇ ಹಿಗ್ಗಿದರು.

ಮರುದಿನ ಹೆಂಡತಿ ಹಣೆ ಒರೆಸಿಕೊಂಡು, "ಇವತ್ತು ನಮ್ಮನೇಲಿ ಸೆಕೆ ಕಣ್ರೀ," ಎಂದು ಎಂದಿಗಿಂತ ಬೇಗ ಹೊರಟರು. ಮೇಷ್ಟ್ರು ತೀರ್ಮಾನಿಸಿದರು: ಶತ್ರುವನ್ನು ಕೆಡವಿದರೆ ಸಾಲದು, ನಮ್ಮ ಯಂತ್ರಕ್ಕೂ ಸೇವೆ ಆಗಬೇಕು!

ಬಕೆಟ್ಟು, ಬ್ರಷ್ಷು ಹಿಡಿದು ಮೇಲೆ ಹೋದರು. ಮನೆಯ ಸ್ವಿಚ್ಚು ಆರಿಸಿಯೇ ಬಂದಿದ್ದರು. ಆದರೂ ಪೂರ್ವದ ಡಬ್ಬದ ಫ್ಯಾನು ಗಿರಗಿರ ತಿರುಗುತ್ತಿತ್ತು. ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರು. ಮೇಷ್ಟ್ರು ವಿದ್ಯಾವಂತರು. "ಭೂಮಿಯೇ ನಿಲ್ಲದೆ ತಿರುಗುತ್ತೆ, ಫ್ಯಾನು ನಿಲ್ಲೋಕೂ ಹೊತ್ತು ಬೇಡವೆ?" ಎಂದು ಕಾದರು. ಆಚೆ ಮನೆಯ ಕೋಣೆ ಸಾಕಷ್ಟು ತಣ್ಣಗಾಗಿ ಫ್ಯಾನು ತಾನಾಗಿ ನಿಂತಿತು. ವಿಜ್ಞಾನ ಗೆದ್ದಿತೆಂದು ಮೇಷ್ಟ್ರು ಉಜ್ಜಲು ಕೂತರು. ನಡುವೆ ಅದು ಬುರ್ರೆಂದು ಮತ್ತೆ ಹೊರಟಾಗ ಬ್ರಷ್ಷು ಒಂದು ಕಡೆ, ಮೇಷ್ಟ್ರು ಇನ್ನೊಂದು ಕಡೆ! "ಒಳಗೆ ಉಳಿದಿದ್ದ ಕರೆಂಟು," ಎಂದು ತಮಗೇ ಸಮಾಧಾನ ಹೇಳಿಕೊಂಡು, ಅದು ನಿಂತ ಮೇಲೆ ಉಜ್ಜಿ ಉಜ್ಜಿ ಫಳಫಳ ಹೊಳೆಯಿಸಿದರು. ಮೇಲೆ ಬಿದಿರಿನ ತಟ್ಟಿ ಕಟ್ಟಿ ನೆರಳು ಮಾಡಿದರು. ಪೈಪಿನ ಹೊದಿಕೆ ಹರಿದಿತ್ತು. ತಮ್ಮ ನೀಲಿ ಸ್ವೆಟರಿನ ಒಂದು ತೋಳನ್ನು ಕತ್ತರಿಸಿ ಅದಕ್ಕೆ ತೊಡಿಸಿದರು. ಹೆತ್ತ ಮಗುವಿಗೂ ಯಾರೂ ಅಷ್ಟು ಅಕ್ಕರೆಯಿಂದ ತೊಡಿಸಿರಲಿಕ್ಕಿಲ್ಲ.

ಸಂಜೆ ಹೆಂಡತಿ ತಂಗಿಯ ಮನೆಯಿಂದ ಬಂದರು, ಶಾಲು ಹೊದ್ದು!

"ಇವತ್ತು ಅಲ್ಲಿ ಏನು ತಂಪು ಅಂತೀರಿ! ಹಲ್ಲು ಕಟಕಟ ಅಂತಿತ್ತು!"

ಅದೇ ಹೊತ್ತಿಗೆ ತಲೆಯ ಮೇಲೆ ಮೇಷ್ಟ್ರ ಏಸಿ ಒಮ್ಮೆ ನರಳಿ, ಸುಟ್ಟ ವಾಸನೆ ಬಿಟ್ಟು, ತಣ್ಣಗಾಯಿತು. ತಣ್ಣಗಾದದ್ದು ಯಂತ್ರ, ಕೋಣೆಯಲ್ಲ.

ಮರುದಿನ ಬೆಳಗ್ಗೆ ಹೆಂಡತಿ ಬಟ್ಟೆ ಒಣಹಾಕಲು ಹೋದವರು ಮೇಲಿನಿಂದಲೇ ಕೂಗಿದರು. ಆ ಕೂಗಿಗೆ ಎರಡೂ ಮನೆಯವರು ತಾರಸಿ ಸೇರಿದರು.

"ಇದು ನಾನು ನಿಮಗೆ ಹೆಣೆದ ಸ್ವೆಟರಿನ ತೋಳಲ್ವೇನ್ರೀ? ಇದನ್ನ ಇವರ ಪೈಪಿಗೆ ಯಾಕೆ ಹಾಕಿದೀರಿ?"

"ಇವರ ಪೈಪಾ? ಇದು ನಮ್ದು!"

"ಇಲ್ಲಣ್ಣ, ಇದು ನಮ್ದು," ಎಂದ ಷಡ್ಡಕ. "ನಿಮ್ದು ಅಕೋ, ಹಾಸಿಗೆ ಹಿಂದೆ."

ಮೇಷ್ಟ್ರು ಪೂರ್ವ ನೋಡಿದರು. ಪಶ್ಚಿಮ ನೋಡಿದರು. ಸೂರ್ಯನಂತೂ ತಪ್ಪು ಕಡೆ ಹುಟ್ಟಿರಲಿಲ್ಲ. ಇಂಗು ತಿಂದ ಮಂಗನಂತೆ ನಿಂತರು.

ಷಡ್ಡಕ ಒಮ್ಮೆ ಬಿದಿರಿನ ತಟ್ಟಿಯನ್ನು ನೋಡಿದ, ಒಮ್ಮೆ ನೀಲಿ ತೋಳು ಮುಟ್ಟಿದ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ.

"ಅಣ್ಣಾ! ನಿಮ್ಮದು ಹಾಳಾದ್ರೂ ಪರವಾಗಿಲ್ಲ ಅಂತ ನಮ್ಮದಕ್ಕೆ ಇಷ್ಟೆಲ್ಲ ಮಾಡಿದ್ರಾ? ಒಡಹುಟ್ಟಿದವರೂ ಮಾಡಲ್ಲ!"

"ಭಾವ ದೇವರಂಥವರು," ಎಂದಳು ನಾದಿನಿ.

ಹೆಂಡತಿ ಡಬ್ಬಕ್ಕೆ ಒತ್ತಿ ನಿಂತ ಹಾಸಿಗೆ ನೋಡಿದರು, ಕೂಲರು ನೋಡಿದರು, ಕೊನೆಗೆ ಗಂಡನ ಮುಖ ನೋಡಿದರು. ಆಕೆ ಬಹಳ ವರ್ಷ ಓದಿ ಬಾಯಿಪಾಠವಾದ ಪುಸ್ತಕ ಅದು.

"ಇಷ್ಟು ಒಳ್ಳೆಯವರು ಅಂತ ನನಗೇ ಗೊತ್ತಿರಲಿಲ್ಲ," ಎಂದರು. "ಇನ್ನು ನಮ್ಮ ಏಸಿ ಸರಿಯಾಗೋವರೆಗೂ ತಂಗಿ ಮನೇಲೇ ಬಂದು ಕೂತ್ಕೊಳ್ಳಿ. ನೀವೇ ಬೆಳೆಸಿದ ತಂಪು."

ಹೀಗೆ ಮೇಷ್ಟ್ರು ಮಧ್ಯಾಹ್ನಗಳನ್ನು ಶತ್ರುಪಾಳಯದಲ್ಲಿ ಕಳೆಯಬೇಕಾಯಿತು. ಹೊಗಳಿಕೆ ಬೇರೆ! ಬಂದವರಿಗೆಲ್ಲ ಷಡ್ಡಕ ತಟ್ಟಿಯ ಕಥೆ ಹೇಳುತ್ತಿದ್ದ. ಒಂದೊಂದು ಹೊಗಳಿಕೆಗೂ ಮೇಷ್ಟ್ರು ಮುಳ್ಳಿನ ಮೇಲೆ ಕೂತವರಂತೆ ಮಿಸುಕುತ್ತಿದ್ದರು.

ಅಂಗಡಿಗೆ ರಜೆಯಿದ್ದ ಒಂದು ದಿನ ಷಡ್ಡಕ ಊಟ ಮಾಡಿದವನೇ ಚಾಪೆಯ ಮೇಲೆ ಉರುಳಿ ನಿದ್ದೆಹೋದ. ಅಕ್ಕತಂಗಿಯರು ಅಡುಗೆಮನೆಯಲ್ಲಿ ಮಾತಿಗೆ ನಿಂತಿದ್ದರು. ಮೇಷ್ಟ್ರು ಹೆಂಡತಿ ಹೊದಿಸಿದ್ದ ಶಾಲಿನೊಳಗೆ ಕೂತು ಅವನನ್ನೇ ದುರುಗುಟ್ಟಿ ನೋಡಿದರು. ಎಂಥ ನಿದ್ದೆ! ತಮಗೆ ಅಂಥ ನಿದ್ದೆ ಬಂದು ಎಷ್ಟು ಕಾಲವಾಯಿತು! ಅದಕ್ಕೂ ಹೊಟ್ಟೆ ಉರಿಯಿತು.

ಏಸಿಯ ಗಾಳಿ ನೇರವಾಗಿ ಷಡ್ಡಕನ ಕಾಲ ಮೇಲೆ ಬೀಳುತ್ತಿತ್ತು. ಅವನು ನಿದ್ದೆಯಲ್ಲೇ ಕಾಲು ಮುದುರಿಕೊಂಡ. ಮತ್ತಷ್ಟು ಮುದುರಿದ. ರಿಮೋಟು ಅವನ ತಲೆದಿಂಬಿನ ಕೆಳಗೆ ಸಿಕ್ಕಿಕೊಂಡಿತ್ತು, ಎಳೆದರೆ ಎಚ್ಚರವಾಗುತ್ತಿತ್ತು.

ಮೇಷ್ಟ್ರು ಅಡುಗೆಮನೆಯ ಕಡೆ ಕಿವಿಗೊಟ್ಟರು. ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸದ್ದಾಗದಂತೆ ಎದ್ದು, ತಮ್ಮ ಮೈಮೇಲಿನ ಶಾಲನ್ನು ಷಡ್ಡಕನ ಕಾಲಿಗೆ ಹೊದಿಸಿ ಅಂಚನ್ನು ಒಳಗೆ ಸಿಕ್ಕಿಸಿದರು. ಆಮೇಲೆ ಕುರ್ಚಿಗೆ ಮರಳಿ, ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಗಡಗಡ ನಡುಗುತ್ತ ಕೂತರು.